ಮಂಗಳದಲ್ಲಿ ಚೆಲ್ಲದ ಚರಗ

ಬೆಳವಣಕಿಯಲ್ಲಿ ಗುರುಸಂಗಪ್ಪನ ಮನೆ ಎಲ್ಲಿ ಎಂದರೆ, ಯಾವ ಗುರುಸಂಗಪ್ಪ ಎನ್ನುತ್ತಾರೆ. ‘ಮಂಗಳದ ಗುರುಸಂಗಪ್ಪ’ ಎಂದರೆ ಬಾಗಿಲಿಗೇ ಕರೆದೊಯ್ದು ಬಿಡುತ್ತಾರೆ. ಕಡಲೆ, ಬಿಳಿಜೋಳ ಬೆಳೆಯುವ ಈ ರೈತ ವಿಜ್ಞಾನ ಕಥೆಗಾರ. ರೋಣದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಅವನ ಕಥೆಗಳನ್ನೆಲ್ಲ ಟೈಪ್ ಮಾಡಿದವನು ನಾನು. ಟೈಪ್ ಮಾಡುವವನು ಬಾಯಿ ಮುಚ್ಚಿಕೊಂಡಿರಬೇಕಂತೆ. ನನ್ನಿಂದ ಅದು ಆಗುವುದಿಲ್ಲ.

ಮೊದಮೊದಲು ಅವನ ಕಥೆಗಳಲ್ಲಿ ಬರೀ ಯಂತ್ರಗಳು. ಪತ್ರಿಕೆಯವರು ಒಂದನ್ನೂ ಬಿಡದೆ ವಾಪಸು ಕಳಿಸುತ್ತಿದ್ದರು. ಒಂದು ಸಂಜೆ, ತಲೆಮಾರುಗಟ್ಟಲೆ ಆಕಾಶದಲ್ಲೇ ಸಾಗುವ ಹಡಗಿನ ಕಥೆಯನ್ನು ಹೆಂಡತಿ ಸಿದ್ದವ್ವನಿಗೆ ಓದಿ ಹೇಳಿದ. ಜೋಳ ಹಸನು ಮಾಡುತ್ತಿದ್ದ ಆಕೆ ಮೊರ ಕೆಳಗಿಟ್ಟಳು.

“ಅಲ್ರೀ, ಹಡಗಿನ್ಯಾಗ ಮಣ್ಣಿಲ್ಲ ಅಂತೀರಿ. ಸತ್ತವರನ್ನ ಎಲ್ಲಿ ಹುಗೀತಾರ?”

ಆ ಪ್ರಶ್ನೆಯೇ ಕಥೆಯಾಯಿತು. ಅಚ್ಚಾಗಿ, ಎಲ್ಲೆಲ್ಲಿಂದಲೋ ಓದುಗರು ಫೋನು ಮಾಡಿದರು. ಅಂದಿನಿಂದ ಅವನು ಬರೆಯಲು ಕೂರುವ ಮುಂಚೆ ಆಕೆಯನ್ನು ಕೇಳುತ್ತಿದ್ದ: “ಅಲ್ಲಿ ಮುಂದ ಏನ್ ಮಾಡ್ತಾರ?” ಸಿದ್ದವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ತವರೂರು ಜಕ್ಕಲಿಗೆ ಹೋಗಿಬಂದಷ್ಟು ಸಲೀಸಾಗಿ ಚಂದ್ರ, ಮಂಗಳಗಳಲ್ಲಿ ಓಡಾಡುತ್ತಿದ್ದಳು.

ಆಮೇಲೆ ಕಾದಂಬರಿ. ಅದರಲ್ಲಿ ಮಂಗಳ ಗ್ರಹದಲ್ಲಿ ಮೊದಲ ಸಲ ಜೋಳ ತೆನೆ ಕಟ್ಟುತ್ತದೆ. “ಚರಗ ಚೆಲ್ಲದ ಉಣ್ತಾರೇನ್ರಿ?” ಎಂದಳು ಸಿದ್ದವ್ವ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬುತ್ತಿ ಒಯ್ದು, ನಾವು ಉಣ್ಣುವ ಮೊದಲು ಭೂಮಿತಾಯಿಗೆ ಅನ್ನ, ಕಡುಬು ಚೆಲ್ಲುತ್ತೇವಲ್ಲ, ಅದು. ಮುಂದಿನವರು ಕೂಗುತ್ತಾ ಚೆಲ್ಲಬೇಕು, ಹಿಂದಿನವರು ಓಗೊಡಬೇಕು.

“ಅಲ್ಲಿ ಗಾಳಿ ಭಾಳ ತೆಳು. ಕೂಗಿದ್ರ ಕೇಳೂದಿಲ್ಲ,” ಎಂದ ಇವನು.

“ಹಂಗಾರ ಹಿಂದ ಬರಾಕಿ ಹೆಗಲ ಮುಟ್ಟಿ ಓಗೊಡ್ಲಿ.”

ಅದನ್ನೇ ಅವನು ಒಂದು ಅಧ್ಯಾಯವಾಗಿ ಬರೆದ. ಟೈಪ್ ಮಾಡುವಾಗ ನನಗೆ ಕಣ್ಣು ತುಂಬಿ ಬಂದಿತ್ತು. ಅವನು ಬರೆದದ್ದರಲ್ಲೆಲ್ಲ ಅಷ್ಟು ಚೆಂದದ್ದು ಇನ್ನೊಂದಿಲ್ಲ.

ಪ್ರಕಾಶಕರ ಫೋನು ಬಂದಾಗ ಅವನು ನನ್ನ ಅಂಗಡಿಯಲ್ಲೇ ಇದ್ದ. ವಿಜ್ಞಾನದ ಪುಸ್ತಕದಲ್ಲಿ ಪೂಜೆ ಪುನಸ್ಕಾರ ಬೇಡ, ಆ ಅಧ್ಯಾಯ ತೆಗೆದರೆ ಈ ವರ್ಷವೇ ಅಚ್ಚು ಎಂದರಂತೆ.

“ಸಿದ್ದವ್ವನ್ನ ಒಂದ್ ಮಾತ ಕೇಳಪಾ,” ಎಂದೆ.

“ಆಕಿಗೇನ್ ಓದಾಕ ಬರ್ತದೇನ? ತಗಿ.”

ತೆಗೆದೆ. ಓದಲು ಬರುವ ಸೊಸೆ ಮನೆಯಲ್ಲಿದ್ದಾಳೆ ಎಂಬುದು ಮಂಗಳದವರೆಗೆ ಯೋಚಿಸುವ ಆ ಮಹಾಬುದ್ಧಿವಂತನಿಗೆ ಹೊಳೆಯಲಿಲ್ಲ. ಪುಸ್ತಕ ಬಂದ ಮೇಲೆ ಸೊಸೆ ನೇತ್ರಾ ದಿನಾ ಮಧ್ಯಾಹ್ನ ಅತ್ತೆಗೆ ಓದಿ ಹೇಳಿದಳು. ಮಂಗಳದಲ್ಲಿ ತೆನೆ ಬಂತು, ಜನ ರೊಟ್ಟಿ ಮಾಡಿ ತಿಂದರು.

“ಚರಗ?” ಎಂದಳು ಸಿದ್ದವ್ವ.

ನೇತ್ರಾ ಹಿಂದೆ ಮುಂದೆ ಹಾಳೆ ತಿರುವಿ ನೋಡಿದಳು. “ಇಲ್ರಿ ಅತ್ತಿ.”

ಸಿದ್ದವ್ವ ಎದ್ದು ಎಮ್ಮೆಗೆ ನೀರಿಡಲು ಹೋದಳು.

ಜಗಳ ಆಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಮುಂದಿನ ಕಥೆಗೆ ಇವನು ಕೇಳಿದಾಗ, “ನಿಮ್ಮ ಪುಸ್ತಕದವರನ್ನ ಕೇಳ್ರಿ,” ಎಂದಳು. ಒಬ್ಬನೇ ಕೂತು ಬರೆದ. ಮತ್ತೆ ಬರೀ ಯಂತ್ರಗಳು, ಮತ್ತೆ ವಾಪಸು. “ಲೇ, ಆಕಿಗೆ ತಪ್ಪಾತು ಅನ್ನು,” ಎಂದು ನಾನೇ ಬೈದೆ. ಅಂದಿದ್ದನಂತೆ. ಆಕೆ “ಆತ್ ಬಿಡ್ರಿ,” ಎಂದಳಂತೆ. ಈಗ ಬರೆಯುವುದನ್ನೇ ಬಿಟ್ಟಿದ್ದಾನೆ. ಅವನ ಮೇಲೆ ನನಗೆ ಸಿಟ್ಟಿದೆ; ನೋಡಿದರೆ ಪಾಪ ಅಂತಲೂ ಅನಿಸುತ್ತದೆ.

ಈ ಎಳ್ಳಮಾವಾಸ್ಯೆಗೆ ನನ್ನನ್ನೂ ಹೊಲಕ್ಕೆ ಕರೆದಿದ್ದರು. ಅವನು ಕೂಗುತ್ತಾ ಚೆಲ್ಲಿದ. ಆಕೆ ಹಿಂದೆ ನೀರು ಚಿಮುಕಿಸುತ್ತಾ ಓಗೊಟ್ಟಳು. ಊಟಕ್ಕೆ ಕೂತಾಗ ಅವನು ತಲೆ ಎತ್ತದೆ ಕೇಳಿದ:

“ಮಂಗಳದಾಗ ಈಗ ಏನ್ ಮಾಡ್ತಾರ?”

ಸಿದ್ದವ್ವ ಅವನ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಬಡಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಅಲ್ಲಿ ಯಾರೂ ಉಳಿದಿಲ್ರಿ. ನೆಲಕ್ಕ ಉಣಿಸದ ಊರಾಗ ಯಾರ್ ಇರ್ತಾರ?”