ಮುಸುಕು ಹಾಕಿದ್ದ ರಾಟೆ

ಯುದ್ಧದ ಕಾಲ. ಚನ್ನರಾಯಪಟ್ಟಣದಲ್ಲಿ ದುಡ್ಡು ಹಿಡಿದು ನಿಂತರೂ ಸೀರೆ ಸಿಗುತ್ತಿರಲಿಲ್ಲ. ನನಗಿದ್ದ ಎರಡರಲ್ಲಿ ಒಂದು ಆಗಲೇ ಹರಿದು ಮಕ್ಕಳ ಹಾಸಿಗೆ ಸೇರಿತ್ತು. ಮಠದ ಜಗುಲಿಯಲ್ಲಿ ಹೆಂಗಸರೇ ಕೂಡಿ ನೂಲುತ್ತಾರೆ ಎಂದು ತಿಳಿದು ನಾನೂ ಹೋಗಿ ಸೇರಿದೆ. ಸಂಬಳದವರು ಅಲ್ಲಿ ಯಾರೂ ಇಲ್ಲ. ಹತ್ತಿ ಒಬ್ಬರ ಮನೆಯದು, ಅದನ್ನು ಹಿಂಜಿ, ನೂಲಲು ಬರುವಂತೆ ಸುರುಳಿ ಸುತ್ತಿ ಹಂಜಿ ಮಾಡಿಕೊಡುವವರು ಇನ್ನೊಬ್ಬರು. ಬಡಗಿ ಬಿಡುವಾದಾಗ ಬಂದು ರಾಟೆ ಸರಿಮಾಡಿ, ಒಂದು ಲೋಟ ಮಜ್ಜಿಗೆ ಕುಡಿದು ಹೋಗುವನು. ಉಸ್ತುವಾರಿಯೆಲ್ಲ ಮೇಷ್ಟ್ರ ಹೆಂಡತಿಯದು.

ನಾನು ಹೋದ ಮೊದಲ ದಿನ ಆಕೆ ಇರಲಿಲ್ಲ, ನೇಯುವವರಿಗೆ ನೂಲು ಕೊಡಲು ಬೇರೆ ಊರಿಗೆ ಹೋದವರು ವಾರ ಕಳೆದೇ ಬಂದರು. ಮೂಲೆಯಲ್ಲಿ ಒಂದು ರಾಟೆಗೆ ಬಿಳಿ ಬಟ್ಟೆ ಮುಚ್ಚಿತ್ತು. ನಾನೇ ತೆಗೆದೆ. ಮಾತಾಡುತ್ತಿದ್ದ ಹೆಂಗಸರೆಲ್ಲ ರಾಟೆ ನಿಲ್ಲಿಸಿ ನನ್ನತ್ತ ತಿರುಗಿದರು. ಹೊಸಬಳನ್ನು ಕಂಡು ಹಾಗೆ ಎಂದುಕೊಂಡೆ.

ನೂಲು ಸುತ್ತಿಕೊಳ್ಳುವ ಕದಿರಿನ ಕಡ್ಡಿಯ ಮೇಲೆ ಸ್ವಲ್ಪ ನೂಲಿತ್ತು. ನಮ್ಮ ಕಡೆ ನೂಲುವವಳು ಕದಿರನ್ನು ಬರಿದು ಮಾಡಿ ಏಳುವುದಿಲ್ಲ. ಒಂದಿಷ್ಟು ಬಿಟ್ಟು ಏಳಬೇಕು, ಮುಂದೆ ಕೂರುವವಳು ಅದೇ ಎಳೆಗೆ ತನ್ನ ಹಂಜಿ ಸೇರಿಸಬೇಕು. ಚಿಕ್ಕವಳಿದ್ದಾಗ ಅಜ್ಜಿ ಹೇಳಿಕೊಟ್ಟದ್ದರಲ್ಲಿ ನನಗೆ ನೆನಪಿದ್ದದ್ದು ಅದೊಂದೇ. ಸೇರಿಸಿದೆ.

ನೂಲು ಬಂತು. ಸಣ್ಣಗೆ, ಸಮವಾಗಿ, ಒಂದು ಸಲವೂ ಹರಿಯದೆ. ಇದು ನನ್ನ ಕೈ ಅಲ್ಲ ಎಂದು ನನಗೇ ಗೊತ್ತಿತ್ತು. ಪಕ್ಕದಲ್ಲಿದ್ದ ಮುದುಕಿ ನೋಡಿದಳು, ಹಣೆಗೆ ವಿಭೂತಿ ಹಚ್ಚಿಕೊಂಡಳು. "ಯಾರವ್ವಾ ನಿಂಗೆ ಕಲ್ಸಿದ್ದು?" ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ.

ಮಾರನೆಯ ದಿನ ಅದೇ ರಾಟೆಯಲ್ಲಿ ಹಗ್ಗ ಬಂತು. ಗಂಟು, ಗಂಟು. "ನಿನ್ನೆ ದೇವಲೋಕದ ನೂಲು, ಇವತ್ತು ದನ ಕಟ್ಟೋ ಕಣ್ಣಿ," ಎಂದು ಒಬ್ಬಳು ರೇಗಿಸಿದಳು. ವಾರ ತುಂಬಿದ ಮೇಲೆ ಎಲ್ಲವನ್ನೂ ಕದಿರಿನಿಂದ ಬಿಚ್ಚಿ, ಒಂದೇ ಲಡಿ ಸುತ್ತಿಟ್ಟು, ಬರಿದಾದ ಕದಿರಿಗೆ ಹೊಸದಾಗಿ ನಾಲ್ಕು ಎಳೆ ನೂತು ಎದ್ದೆ.

ಆಮೇಲೆ ನುಗ್ಗೇಹಳ್ಳಿ ಕಡೆಯಿಂದ ಒಬ್ಬ ಅಜ್ಜಿ ಬಂದಳು. ಇದ್ದಿಲಿನ ಬಸ್ಸಿನ ಮಸಿ ಮುಖಕ್ಕೆಲ್ಲ ಮೆತ್ತಿಕೊಂಡಿತ್ತು. ಕಂಕುಳಲ್ಲಿ ಮೂರು ತಿಂಗಳ ಹೆಣ್ಣು ಕೂಸು. ಬಂದವಳೇ ಮೂಲೆಯ ರಾಟೆ ನೋಡಿದಳು.

"ಬಟ್ಟೆ ಯಾರು ತೆಗ್ದದ್ದು?"

ಆಗ ಮೇಷ್ಟ್ರ ಹೆಂಡತಿ ನನಗೆ ಹೇಳಿದರು. ಆ ರಾಟೆಯಲ್ಲಿ ನೂಲುತ್ತಿದ್ದವಳು ಈ ಅಜ್ಜಿಯ ಮಗಳು, ಈ ಕೂಸಿನ ತಾಯಿ. ಬಾಣಂತನದಲ್ಲೇ ಹೋದಳು. ಅವಳ ಲಿಂಗ ಅವಳ ಅಂಗೈಯೊಳಗೇ ಮಣ್ಣಿಗೆ ಹೋಯಿತು, ನಮ್ಮ ಲಿಂಗವಂತರಲ್ಲಿ ಹಾಗೆಯೇ ತಾನೆ. ಕೊರಳಿನದೆಂದು ಏನೂ ಉಳಿಯಲಿಲ್ಲ. ಕೂಸಿನ ಲಿಂಗವನ್ನು ಗಡಿಬಿಡಿಯಲ್ಲಿ ಅಂಗಡಿ ದಾರಕ್ಕೆ ಕಟ್ಟಿದ್ದರು. ಕದಿರಿನಲ್ಲಿ ಮಗಳು ಬಿಟ್ಟ ನೂಲಿದೆ, ಅದರಲ್ಲೇ ಶಿವದಾರ ಹೊಸೆದು ಕಟ್ಟಬೇಕು ಎಂದು ಅಜ್ಜಿ ಬಂದಿದ್ದಳು.

ಲಡಿ ತಂದು ಅವಳ ಮುಂದಿಟ್ಟು, "ಅವ್ವಾ, ತಿಳೀದೆ ನನ್ನೆಳೆ ಸೇರಿಸಿಬಿಟ್ಟೆ," ಎಂದೆ.

ಅಜ್ಜಿ ಬಯ್ಯಲಿಲ್ಲ. "ಬಿಚ್ಚು. ಸೇರ್ಸಿದ್ ಜಾಗ ತೋರ್ಸು, ಕತ್ತರಿಸ್ಕೊತೀನಿ," ಎಂದಳು.

ಅಂಗಳದ ಬಿಸಿಲಲ್ಲಿ ಕೂತೆವು. ಕದಿರಿನ ತಳದಲ್ಲಿದ್ದ ಮಗಳ ನೂಲು ಲಡಿ ಸುತ್ತುವಾಗ ಕಡೆಗೆ ಬಂದಿತ್ತಲ್ಲ, ಆ ತುದಿಯಿಂದ ಹಿಡಿದು ಬೆರಳ ಮೇಲೆ ಒಂದೊಂದೇ ಎಳೆ ಜಾರಿಸಿದೆ. ಸಣ್ಣ ನೂಲು ಮುಗಿಯಲೇ ಇಲ್ಲ. ಅವಳದು ಅಷ್ಟಿರಲಿಲ್ಲ, ಕದಿರಿನ ಮೇಲೆ ಕಂಡಿದ್ದೆ. ಎಲ್ಲೋ ನನ್ನ ಮೊದಲ ದಿನದ್ದು ಶುರುವಾಗಿರಬೇಕು. ಎಷ್ಟು ತಡಕಿದರೂ ಬೆರಳಿಗೆ ಸಿಗಲಿಲ್ಲ. ಬಹಳ ದೂರ ಹೋದ ಮೇಲೆ ಗಂಟುಗಳು ಬಂದವು. ಅದು ಎರಡನೆಯ ದಿನದ್ದು, ನನ್ನದೇ.

ಅಜ್ಜಿ ಅಲ್ಲಿಗೆ ಕತ್ತರಿಸಿದಳು. "ಇಲ್ಲೀಗಂಟ ನಮ್ಮುಡುಗೀದೇ ಕಣವ್ವಾ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಎದೆಯ ಮೇಲೆ ಲಿಂಗವಿಟ್ಟುಕೊಂಡು ಸುಮ್ಮನಿರಲಾರದೆ ಹೋದೆ. "ಇಲ್ಲವ್ವಾ. ಇದರಲ್ಲಿ ನಂದೂ ಐತೆ. ಎಲ್ಲಿಂದ ಅಂತ ನನಗೇ ಸಿಗ್ತಿಲ್ಲ."

ಅಜ್ಜಿ ನೂಲನ್ನು ಕಣ್ಣಿಗೊತ್ತಿಕೊಂಡು ಕೇಳಿದಳು: "ರಾಟೆ ಬಲಗೈಲಿ ತಿರುಗ್ಸಿದ್ಯಾ, ಎಡಗೈಲಾ?"

ನಾನು ಬಲಗೈಯವಳು. ಆ ಮೊದಲ ದಿನ ಮಾತ್ರ ಎಡಗೈಯಲ್ಲಿ ತಿರುಗಿಸಿದ್ದೆ. ಅವಳು ಕೇಳುವವರೆಗೂ ಅದು ನನಗೆ ನೆನಪಾಗಿರಲಿಲ್ಲ.

"ಎಡಗೈ," ಎಂದೆ.

"ಅವ್ಳೂ ಅಂಗೇಯ," ಎಂದಳು ಅಜ್ಜಿ. ಕೂಸನ್ನು ನನ್ನ ಮಡಿಲಿಗೆ ಹಾಕಿ, ತೊಡೆಯ ಮೇಲೆ ದಾರ ಹೊಸೆಯತೊಡಗಿದಳು. ಕೂಸು ನನ್ನ ಎಡಗೈಯ ಬೆರಳು ಹಿಡಿದು ನಿದ್ದೆಹೋಯಿತು. ಬಿಡಿಸಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ದಾರ ಸರಿಯಾಗಿ ಸಾಕಾಯಿತು, ಒಂದು ಗೇಣೂ ಮಿಗಲಿಲ್ಲ. ಮಿಕ್ಕಿದ್ದರೆ ಅದನ್ನು ನಾನು ಎಲ್ಲಿಡುತ್ತಿದ್ದೆ? ಶಿವ ಅಷ್ಟು ದಯೆ ತೋರಿದ.

ಆ ರಾಟೆಯಲ್ಲೇ ಎಷ್ಟೋ ವರ್ಷ ನೂತೆ. ನನ್ನ ನೂಲು ಇವತ್ತಿಗೂ ಗಂಟುಗಂಟೇ. ಎಡಗೈಯನ್ನು ಮಾತ್ರ ಹಿಡಿಕೆಗೆ ತಾಗಿಸಿಲ್ಲ.