ಉತ್ತರಕ್ಕೆ ಬಿಟ್ಟ ಜಾಗ

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ವೇದಿಕೆ ಹತ್ತುವ ಮುಂಚೆ ಚೀಟಿ ಎತ್ತಿಸುತ್ತಿದ್ದರು. ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡಕ್ಕೂ ನನ್ನ ಹತ್ತಿರ ಮಾತಿರುತ್ತಿತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಎಲ್ಲಿ ಸ್ಪರ್ಧೆ ನಡೆದರೂ ಹೋಗಿ ಏನಾದರೊಂದು ಗೆದ್ದು ತರುತ್ತಿದ್ದೆ. ಅವೆಲ್ಲ ಈಗ ನಮ್ಮ ಮನೆಯ ಕಪಾಟಿನ ಮೇಲೆ ಧೂಳು ತಿನ್ನುತ್ತಿವೆ. ಹೀಗಿರುವಾಗ, ಹಲಗೇರಿ ದಾಟಿ ಮುಂದಿರುವ ಒಂದು ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಸೇರಿದ ದಿನವೇ ಅಲ್ಲಿಯ ಮುಖ್ಯ ಶಿಕ್ಷಕಿ ‘ನಮ್ಮ ಶಾಲಿದೊಂದು ಬ್ಲಾಗ್ ಮಾಡೂಣು’ ಅಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು ‘ಯಾಕ್ರೀ?’

ಹುಡುಗರಿಗೆ ಅವರು ದೊಡ್ಡಕ್ಕೋರು, ನಾನು ಸಣ್ಣಕ್ಕೋರು. ಎರಡು ಕೋಣೆ, ಒಂದು ಪಡಸಾಲೆ, ಅಡುಗೆ ಕೋಣೆ, ಐದು ತರಗತಿ. ಕಾಯಂ ಶಿಕ್ಷಕರ ಹುದ್ದೆ ಎರಡಿದ್ದವು, ಇದ್ದವರು ದೊಡ್ಡಕ್ಕೋರು ಒಬ್ಬರೇ. ಇನ್ನೊಬ್ಬ ಮಾಸ್ತರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ನಾನಿದ್ದೆ, ಆದರೆ ನನ್ನದು ಆ ವರ್ಷದ ಮಟ್ಟಿಗಿನ ಲೆಕ್ಕ. ಅವರಿಗೆ ಬೇಕಾಗಿದ್ದದ್ದು ಒಂದೇ: ತಾವು ನಿವೃತ್ತಿ ಆಗುವುದರೊಳಗೆ ಆ ಖಾಲಿ ಜಾಗಕ್ಕೆ ಒಬ್ಬ ಕಾಯಂ ಮಾಸ್ತರು ಬರಬೇಕು. ಆ ವರ್ಷ ನಾವು ಮಾಡಿದ್ದೆಲ್ಲ ಅದಕ್ಕಾಗಿ.

‘ನಮ್ಮ ಶಾಲಿ ಎಷ್ಟು ಚಲೋ ನಡದೈತಿ ಅಂತ ನಾಕು ಮಂದಿ ನೋಡ್ಲಿ. ನೋಡಿದ ಮ್ಯಾಲೆ ಇಂಥಾ ಶಾಲಿಗೆ ಒಬ್ಬ ಮಾಸ್ತರನ್ನ ಕೊಡಾಕ ಯಾರು ಒಲ್ಲೆ ಅಂತಾರ?’

‘ಉಲ್ಟಾ ಆಗತೈತ್ರೀ. ಚಲೋ ನಡದೈತಿ ಅಂದ್ರ, ಮಾಸ್ತರ ಇಲ್ಲದನೂ ನಡೀತೈತಿ ಅಂತ ತಿಳಕೋತಾರ. ತೋರಿಸೂದಿದ್ರ ನಮ್ಮ ತ್ರಾಸು ತೋರಿಸಬೇಕು.’

‘ಅಳಕೋತ ಕುಂತವರ ಮನಿಗೆ ಯಾರು ಬರತಾರ ತಂಗಿ?’

‘ನಕ್ಕೋತ ಕುಂತವರ ಮನಿಗೆ ಬಂದವರು ಉಂಡು ಹೋಗತಾರ. ಕೊಟ್ಟು ಹೋಗಂಗಿಲ್ರೀ.’

ಬಿಸಿಯೂಟ ಬೇಯಿಸುವ ಆಯಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದವಳು, ‘ಯವ್ವಾ, ಈ ಹುಡುಗಿಗೆ ಅತ್ತಿ ಆಗೂ ಹೆಣಮಗಳ ಪಾಡು ಆ ದೇವರ ನೋಡಬೇಕು’ ಅಂದಳು. ದೊಡ್ಡಕ್ಕೋರು ನಕ್ಕರು. ಚರ್ಚೆ ಅಲ್ಲಿಗೆ ಮುಗಿಯಿತು. ಅವರು ಹಿರಿಯರು, ಶಾಲೆ ಅವರದು. ಬ್ಲಾಗಿಗೆ ಬರೆಯುವ ಕೆಲಸ ನನ್ನದಾಯಿತು.

ಬ್ಲಾಗಿಗಿಂತ ಮೊದಲು ಬಂದದ್ದು ಟಿ.ವಿ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ, ಇದೇ ಶಾಲೆಯಲ್ಲಿ ಕಲಿತವರೊಬ್ಬರು ಕೊಡಿಸಿದ್ದು. ಕೊಟ್ಟವರ ಹೆಸರು ಟಿ.ವಿ.ಗಿಂತ ದೊಡ್ಡದಾಗಿ ಗೋಡೆಯ ಮೇಲಿತ್ತು. ಅದರಲ್ಲಿ ಏನು ತೋರಿಸುವುದು? ಮೊಬೈಲಿನಲ್ಲಿ ಸಿಗುವ ಪಾಠಗಳನ್ನು ಹಚ್ಚಿ ನೋಡಿದೆವು. ಅವುಗಳ ಕನ್ನಡ ನಮ್ಮ ಹುಡುಗರಿಗೆ ಪರದೇಶಿ. ಬಣ್ಣದ ಮೊಲವೊಂದು ‘ಬನ್ನಿ ಮಕ್ಕಳೇ, ಎಣಿಸೋಣ್ವಾ?’ ಅಂತ ಕೇಳಿದರೆ ನಮ್ಮವು ಒಂದರ ಮುಖ ಒಂದು ನೋಡುತ್ತಿದ್ದವು. ‘ನಾವ ಮಾಡೂಣು’ ಅಂದರು ದೊಡ್ಡಕ್ಕೋರು. ‘ಟಿ.ವಿ. ಎಲ್ಲಿ ಪಾಠ ಮಾಡತೈತ್ರೀ?’ ಅಂತ ನಾನು ವಾದಕ್ಕಿಳಿದೆ, ನಡೆಯಲಿಲ್ಲ. ಊಟದ ಹೊತ್ತು ಮುಗಿದ ಮೇಲೆ ಅಡುಗೆ ಕೋಣೆಯೇ ನಮ್ಮ ಸ್ಟುಡಿಯೋ. ಉಪ್ಪಿನ ಡಬ್ಬಿಗೆ ಮೊಬೈಲ್ ಆನಿಸಿ ನಾನು ವಿಡಿಯೋ ಹಿಡಿಯುವುದು, ಅವರು ಕರಿಹಲಗೆಯ ಮುಂದೆ ನಿಂತು ಪಾಠ ಮಾಡುವುದು. ಒಂದು ಪಾಠದ ನಡುವೆ ಆಯಿ ಮರುದಿನದ ಕಾಳು ಬೇಯಲು ಇಟ್ಟ ಕುಕ್ಕರ್ ಸೀಟಿ ಹೊಡೆಯಿತು. ತೆಗೆದುಹಾಕುವುದು ನನಗೆ ಗೊತ್ತಿರಲಿಲ್ಲ, ಹಾಗೇ ಉಳಿಯಿತು. ಹುಡುಗರಿಗೆ ಆ ಪಾಠವೇ ಅಚ್ಚುಮೆಚ್ಚು. ಸೀಟಿ ಬರುವ ಮುಂಚೆಯೇ ಎಲ್ಲರೂ ಬಾಯಿಂದ ಸೀಟಿ ಹೊಡೆಯುತ್ತಿದ್ದರು.

ಪಾಠದ ನಡುನಡುವೆ ದೊಡ್ಡಕ್ಕೋರು ‘ತಿಳೀತೇನು?’ ಅಂತ ಕೇಳಿ, ಉತ್ತರಕ್ಕೆ ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು, ಎದುರಿಗೆ ಮಕ್ಕಳಿದ್ದಾರೆ ಅನ್ನುವ ಹಾಗೆ. ಆಮೇಲೆ ‘ಶಾಬಾಸ್’ ಅನ್ನುವರು. ಟಿ.ವಿ.ಯಲ್ಲಿ ಅದು ಬಂದಾಗ ಹುಡುಗರು ‘ಹೂಂರೀ’ ಅಂತ ಕೂಗುವರು. ಎಲ್ಲ ಸರಿಯಾಗಿ ಕೂಡುತ್ತಿತ್ತು. ಒಂದು ದಿನ ಒಂದನೆಯ ತರಗತಿಯ ಸಣ್ಣ ಹುಡುಗಿಯೊಬ್ಬಳು, ಎಲ್ಲರೂ ಹೂಂ ಅಂದು ಮುಗಿಸಿದ ಮೇಲೆ, ಒಬ್ಬಳೇ, ಸ್ಪಷ್ಟವಾಗಿ ‘ಇಲ್ರೀ’ ಅಂದಳು.

‘ಶಾಬಾಸ್’ ಅಂದರು ಟಿ.ವಿ.ಯ ದೊಡ್ಡಕ್ಕೋರು.

ನನಗೆ ನಗು ತಡೆಯಲಾಗಲಿಲ್ಲ. ಮಧ್ಯಾಹ್ನ ಅವರಿಗೆ ಹೇಳಿದೆ, ವಾದ ಗೆದ್ದ ಖುಷಿಯಲ್ಲೇ ಹೇಳಿದೆ. ಅವರು ನಗಲಿಲ್ಲ. ಊಟದ ತಾಟು ಕೆಳಗಿಟ್ಟರು. ‘ಆಕಿ ಖರೇ ಹೇಳ್ಯಾಳ. ನಾ ಸುಳ್ಳು ಹೇಳೇನಿ’ ಅಂದರು. ಆಮೇಲೆ ಅಷ್ಟೂ ಪಾಠಗಳನ್ನು ಮತ್ತೊಮ್ಮೆ ಮಾಡಿದೆವು. ಶಾಬಾಸ್ ಹೋಯಿತು. ಅದರ ಜಾಗದಲ್ಲಿ, ‘ತಿಳೀಲಾರದವರು ಎದ್ದು ನನ್ನ ಹತ್ರ ಬರ್ರಿ’ ಅನ್ನುವ ಮಾತು. ಅದಾದ ಮೇಲೆ, ಮಕ್ಕಳು ಎದ್ದು ಹೋಗುವಷ್ಟು ಹೊತ್ತು ಮೌನ. ಸೀಟಿಯ ಪಾಠವನ್ನು ಮಾತ್ರ, ಹುಡುಗರ ಒತ್ತಾಯಕ್ಕೆ, ಸೀಟಿ ಹೊಡೆಸಿಯೇ ಮತ್ತೆ ಮಾಡಿದೆವು.

ಮೊದಲ ಸಲ ಆ ಮಾತು ಬಂದಾಗ ‘ಇಲ್ರೀ’ ಅಂದ ಹುಡುಗಿ ಎದ್ದಳು. ಪಡಸಾಲೆ ದಾಟಿ, ಐದನೆಯ ತರಗತಿಗೆ ಪಾಠ ಮಾಡುತ್ತಿದ್ದ ನಿಜವಾದ ದೊಡ್ಡಕ್ಕೋರ ಹತ್ತಿರ ಹೋಗಿ, ಸೆರಗು ಹಿಡಿದು ನಿಂತಳು. ಐದನೆಯವರನ್ನು ಓದಿಕೊಳ್ಳಲು ಹೇಳಿ ಅವರು ನೆಲಕ್ಕೆ ಕೂತು, ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದರು. ಅವರಿಗೆ ಕೈ ಬಿಡುವಿಲ್ಲದ ದಿನ ಹುಡುಗಿ ನನ್ನ ಹತ್ತಿರ ಬರುತ್ತಿದ್ದಳು. ಮಳೆಗಾಲ ಮುಗಿಯುವುದರೊಳಗೆ ಅವಳು ಗೋಡೆಯ ಮೇಲಿನ ದಾನಿಗಳ ಹೆಸರನ್ನು ಕೂಡಿಸಿ ಓದತೊಡಗಿದಳು.

ಒಪ್ಪಬೇಕಾದ್ದನ್ನು ಒಪ್ಪಬೇಕು. ಟಿ.ವಿ. ಪಾಠ ಮಾಡುವುದಿಲ್ಲ ಅನ್ನುವುದು ನನ್ನ ವಾದವಾಗಿತ್ತು. ಮಾಡಿತು. ಆದರೆ ಅದು ಮಾಡಿದ್ದು, ಮಕ್ಕಳು ಎದ್ದು ಹೋದರೆ ಕೈ ಹಿಡಿದು ಕಲಿಸಲು ಪಕ್ಕದಲ್ಲಿ ಒಬ್ಬರಿದ್ದರು ಅಂತ. ಬ್ಲಾಗಿನಲ್ಲಿ ಇದನ್ನೂ ಬರೆದೆ, ಬಿಡಿಸಿ, ಉದಾಹರಣೆ ಕೊಟ್ಟು. ಜನ ಆ ಸಾಲುಗಳನ್ನು ಓದಿದರೋ ಇಲ್ಲವೋ ಗೊತ್ತಿಲ್ಲ. ಫೋಟೋ ಮಾತ್ರ ಎಲ್ಲರೂ ನೋಡಿದರು.

ಶಿಕ್ಷಕರ ವಾಟ್ಸಾಪ್ ಗುಂಪುಗಳಲ್ಲಿ ಬ್ಲಾಗ್ ಓಡಾಡಿತು. ಐರಣಿ ಕಡೆಯಿಂದ, ಹೊಸರಿತ್ತಿ ಕಡೆಯಿಂದ ಶಿಕ್ಷಕರು ನೋಡಲು ಬಂದರು. ಬಂದವರಿಗೆಲ್ಲ ಆಯಿ ಚಹಾ ಕಾಸಿ ಕಾಸಿ ‘ಇದು ಶಾಲಿಯೋ ಹೋಟೆಲ್ಲೋ’ ಅಂದಳು. ಕೊನೆಗೆ ಹಾವೇರಿಯಲ್ಲಿ ನಡೆಯುವ ತರಬೇತಿಯೊಂದರಲ್ಲಿ ದೊಡ್ಡಕ್ಕೋರು ಮಾತಾಡಬೇಕು ಅಂತ ಕರೆ ಬಂತು. ಇದೇ ಅವರು ಕಾಯುತ್ತಿದ್ದ ಗಳಿಗೆ. ಹುದ್ದೆ ಕೊಡಬಲ್ಲವರು ಎದುರಿಗೇ ಕೂತಿರುತ್ತಾರೆ. ಭಾಷಣ ನಾನು ಬರೆದೆ. ಕೊನೆಯ ಸಾಲನ್ನು ಅವರು ಬಾಯಿಪಾಠ ಮಾಡಿ, ದಾರಿಯುದ್ದಕ್ಕೂ ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತ ಹೇಳಿಕೊಂಡರು.

ಸಭಾಂಗಣದಲ್ಲಿ ಅವರು ನೇರ ಮೈಕಿನ ಮುಂದೆ ನಿಂತರು. ಪಾಠ ತೋರಿಸಿದರು. ಕುಕ್ಕರ್ ಸೀಟಿಗೆ ಸಭೆಯೆಲ್ಲ ನಕ್ಕಿತು. ‘ಇಷ್ಟೆಲ್ಲ ನಾವು ಮಾಡಿದ್ದು ನಮ್ಮಲ್ಲಿ ಒಂದು ಹುದ್ದೆ ಖಾಲಿ ಇದೆ ಎಂಬ ಕಾರಣಕ್ಕೆ. ದಯವಿಟ್ಟು ಆ ಹುದ್ದೆಯನ್ನು ತುಂಬಿಕೊಡಬೇಕು’ ಅಂತ ಮುಗಿಸಿದರು. ಚಪ್ಪಾಳೆ. ಆಮೇಲೆ ವೇದಿಕೆಯ ಮೇಲಿದ್ದ ಸಾಹೇಬರೊಬ್ಬರು ಮೈಕ್ ತಗೊಂಡರು.

‘ಕೇಳಿದ್ರೆಲ್ಲ? ಮಾಸ್ತರಿಲ್ಲ, ಮಾಸ್ತರಿಲ್ಲ ಅಂತ ದಿನಾ ನನ್ನ ಮುಂದ ಬಂದು ಅಳೋರು ಈ ಮೇಡಂ ಅವರನ್ನ ನೋಡಿ ಕಲೀರಿ. ಮಾಸ್ತರಿಲ್ಲದ ಶಾಲಿ ಹೆಂಗ ನಡಸಬೇಕು ಅಂತ ತೋರಿಸಿಕೊಟ್ಟಾರ.’

ಮೊದಲಿಗಿಂತ ಜೋರಾದ ಚಪ್ಪಾಳೆ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಕೆಳಗೆ ಇಳಿಯುವಷ್ಟರಲ್ಲಿ ಪೆನ್‌ಡ್ರೈವ್ ಹಿಡಿದ ಮಂದಿ ಸುತ್ತ ನಿಂತಿದ್ದರು, ಪಾಠಗಳನ್ನು ಹಾಕಿಸಿಕೊಳ್ಳಲು. ನಾನೇ ಎಲ್ಲರಿಗೂ ಹಾಕಿಕೊಟ್ಟೆ.

ಬಸ್ಸಿನಲ್ಲಿ ದೊಡ್ಡಕ್ಕೋರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಿದ್ದರು. ಊರು ಹತ್ತಿರ ಬಂದಾಗ ಕೇಳಿದರು, ‘ನಾ ಹುದ್ದೆ ಕೇಳಿದ್ದು ಅವರಿಗೆ ಕೇಳಿಸ್ತೋ ಇಲ್ಲೋ ತಂಗಿ?’

‘ಕೇಳಿಸ್ತ್ರೀ. ಅದಕ್ಕ ಶಾಲು ಹೊದಿಸಿದ್ರು.’

ಸ್ಪರ್ಧೆಯಲ್ಲಾದರೆ ಇಂಥ ಮಾತಿಗೆ ಜನ ಹೋ ಅನ್ನುತ್ತಿದ್ದರು. ಇಲ್ಲಿ ಬಸ್ಸಿನ ಇಂಜಿನ್ ಸದ್ದೊಂದೇ.

ಹೊಸ ವರ್ಷದ ಶಾಲೆ ಶುರುವಾಗುವ ಹೊತ್ತಿಗೂ ಹುದ್ದೆ ತುಂಬಿರಲಿಲ್ಲ. ಅತಿಥಿ ಶಿಕ್ಷಕರು ಸಿಗುವ ಶಾಲೆಗಳ ಪಟ್ಟಿಯಲ್ಲಿ ನಮ್ಮದು ಇರಲೇ ಇಲ್ಲ. ವಿಚಾರಿಸಲು ನಾವಿಬ್ಬರೂ ಶಿಕ್ಷಣ ಇಲಾಖೆಯ ಕಚೇರಿಗೆ ಹೋದೆವು. ಮೇಜಿನ ಹಿಂದಿದ್ದವರು ದೊಡ್ಡಕ್ಕೋರನ್ನು ಗುರುತು ಹಿಡಿದು ಎದ್ದು ನಿಂತು ಕೈ ಮುಗಿದರು. ನಿಜವಾದ ಗೌರವ ಅದು, ಅಣಕವಲ್ಲ. ‘ನಿಮ್ಮದು ಮಾದರಿ ಶಾಲಿ ಅಲ್ರೀ ಮೇಡಂ? ನಿಮಗ್ಯಾಕ ಚಿಂತಿ? ಏನೂ ಇಲ್ಲದ ಶಾಲಿ ಬಾಳ ಅದಾವ, ಮೊದಲ ಅವಕ್ಕ ಕೊಡೂಣು’ ಅಂದರು. ಆ ಮಾತಿನಲ್ಲಿ ಎಲ್ಲಿ ತಪ್ಪು ಹಿಡಿಯುವುದು? ಶಿಕ್ಷಕರು ಕಡಿಮೆ, ಶಾಲೆಗಳು ಹೆಚ್ಚು. ಅವರ ಕುರ್ಚಿಯಲ್ಲಿ ಕೂತಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ವರ್ಷದ ಹಿಂದೆ ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅದನ್ನು ನೆನಪಿಸಿ ಹೇಳುವ ಮನಸ್ಸು ಮಾತ್ರ ಬರಲಿಲ್ಲ.

ನನಗೆ ಬ್ಯಾಡಗಿ ಕಡೆಯ ಹಳ್ಳಿಯೊಂದರಲ್ಲಿ ಜಾಗ ಸಿಕ್ಕಿತು. ಹೊರಡುವ ದಿನ ಆಯಿ ಶೇಂಗಾ ಉಂಡೆ ಕಟ್ಟಿಕೊಟ್ಟಳು. ‘ಅಲ್ಲಿ ಹೋಗಿ ವಾದಾ ಮಾಡಬ್ಯಾಡವಾ, ಅಲ್ಲಿ ಮಂದಿ ಮೆಣಸಿನಕಾಯಿ ತಿಂದವರು’ ಅಂದಳು.

ದಸರೆ ರಜೆಯ ಮೊದಲು ದೊಡ್ಡಕ್ಕೋರಿಗೆ ಫೋನ್ ಮಾಡಿದೆ. ಅವರ ಗಂಟಲು ಕಟ್ಟಿತ್ತು, ಯಾರೋ ಬೇರೆಯವರು ಎತ್ತಿದರು ಅಂದುಕೊಂಡೆ. ಐದೂ ತರಗತಿ, ಸಭೆ, ಊಟದ ಲೆಕ್ಕ, ಬ್ಲಾಗು ನೋಡಿ ಇನ್ನೂ ಬರುತ್ತಿದ್ದ ಅತಿಥಿಗಳು, ಎಲ್ಲ ಅವರೊಬ್ಬರ ಮೇಲೆ. ಆ ಹುಡುಗಿ ಹೇಗಿದ್ದಾಳೆ ಅಂತ ಕೇಳಿದೆ. ಅವಳೀಗ ಎರಡನೆಯ ತರಗತಿ.

‘ಟಿ.ವಿ.ಯೊಳಗ ಬರ್ರಿ ಅಂದ ಕೂಡ್ಲೆ ಎದ್ದು ಬರತಿದ್ಲು. ನಾ ಅತ್ತ ನಾಕನೇ ಕ್ಲಾಸಿನವರ ಜೋಡಿ ಇರತಿದ್ದೆ, ಇಲ್ಲಾ ಸಾಹೇಬ್ರು ಫೋನ್ ಮಾಡಿರತಿದ್ರು. ಇರವಾ, ಇರವಾ ಅಂತಿದ್ದೆ. ಈಗ ಬರೂದ ಬಿಟ್ಟಾಳ.’

‘ತಿಳೀತೇನು ಅಂದ್ರ?’

‘ಹೂಂರೀ ಅಂತಾಳ. ಎಲ್ಲಾರ ಜೋಡಿ.’

ಬ್ಲಾಗಿನಲ್ಲಿ ಇದನ್ನೆಲ್ಲ ಬರೆಯೋಣ ಅಂದೆ, ಈ ಸಲ ನನ್ನ ದಾರಿಯಲ್ಲಿ. ಅವರು ವಾದ ಮಾಡಲಿಲ್ಲ, ‘ಬರಿ’ ಅಂದರು. ಬರೆದೆ. ಶೀರ್ಷಿಕೆ: ‘ನಮ್ಮ ಶಾಲೆಗೆ ಒಬ್ಬ ಶಿಕ್ಷಕರು ಬೇಕು.’ ಒಂದು ವಿಶೇಷಣವಿಲ್ಲ, ಒಂದು ಅಲಂಕಾರವಿಲ್ಲ. ಎಷ್ಟು ಮಕ್ಕಳು, ಎಷ್ಟು ತರಗತಿ, ಯಾರಿಗೆ ಏನು ತಪ್ಪಿಹೋಗುತ್ತಿದೆ, ಅಷ್ಟೇ. ನಾನು ಬರೆದದ್ದರಲ್ಲಿ ಅದಕ್ಕಿಂತ ಚೆನ್ನಾದದ್ದು ಇಲ್ಲ. ಜೊತೆಗೆ ಟಿ.ವಿ. ಮುಂದೆ ಕೂತ ಮಕ್ಕಳ ಫೋಟೋ ಹಾಕಿದ್ದೆ.

ಸಂಜೆಯೊಳಗೆ ಕೆಳಗೆ ಪ್ರತಿಕ್ರಿಯೆಗಳು ತುಂಬಿದವು. ‘ಅಭಿನಂದನೆಗಳು ಮೇಡಂ.’ ‘ನಿಮ್ಮ ಸೇವೆ ಎಲ್ಲರಿಗೂ ಮಾದರಿ.’ ಕೈ ಮುಗಿದ ಚಿತ್ರ. ಹೂವಿನ ಚಿತ್ರ. ‘ಸೂಪರ್ ಟೀಚರ್.’ ಮತ್ತೆ ಕೈ ಮುಗಿದ ಚಿತ್ರ. ಕೊನೆಯವರೆಗೂ ಇಳಿದು ನೋಡಿದೆ, ಶೀರ್ಷಿಕೆಯನ್ನಾದರೂ ಓದಿದವರು ಒಬ್ಬರಿರಬಹುದು ಅಂತ.

ದೊಡ್ಡಕ್ಕೋರೇ ಫೋನ್ ಮಾಡಿದರು. ‘ನೋಡಿದೇನು? ಒಬ್ಬರು ಹುಟ್ಟುಹಬ್ಬದ ಶುಭಾಶಯ ಹೇಳ್ಯಾರ.’

‘ಹುಟ್ಟುಹಬ್ಬ ಯಾವಾಗ್ರೀ?’

‘ಬ್ಯಾಸಗ್ಯಾಗ’ ಅಂದರು. ಇಬ್ಬರೂ ನಕ್ಕೆವು. ಅವರ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಆಮೇಲೆ ಮಾಡ್ತೇನಿ ಅಂತ ಫೋನ್ ಇಟ್ಟರು. ಆ ಬರಹದ ನಂತರ ಬ್ಲಾಗಿನಲ್ಲಿ ಏನೂ ಬಂದಿಲ್ಲ.

ಈಗಿನ ನನ್ನ ಶಾಲೆಯಲ್ಲಿ ನಾನು, ಮತ್ತೊಬ್ಬ ಹಿರಿಯ ಮಾಸ್ತರು. ಸಭೆ, ಸಮೀಕ್ಷೆ ಅಂತ ಅವರು ಬ್ಯಾಡಗಿಗೆ ಹೋದ ದಿನ ನಾನೊಬ್ಬಳೇ. ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಮಕ್ಕಳ ಬಟ್ಟೆಯಲ್ಲೇ ಘಾಟು ಬರುತ್ತದೆ. ಒಬ್ಬ ಸೀನಿದರೆ ತರಗತಿಯೆಲ್ಲ ಸೀನುತ್ತದೆ. ಇಲ್ಲಿಗೂ ಒಂದು ಟಿ.ವಿ. ಬಂದಿದೆ. ಕಳೆದ ವಾರ ಮಾಸ್ತರು ಖುಷಿಯಿಂದ ಪೆನ್‌ಡ್ರೈವ್ ತಂದರು. ‘ಬಾಳ ಚಲೋ ಪಾಠ ಅದಾವ್ರೀ, ಎಲ್ಲಾ ಶಾಲಿಯೊಳಗ ಹಚ್ಚಾಕತ್ತಾರ.’

ಹಚ್ಚಿದರೆ ದೊಡ್ಡಕ್ಕೋರು. ಗಂಟಲು ಸರಿ ಇದ್ದ ದಿನಗಳ ಧ್ವನಿ.

ನಿನ್ನೆ ಮಾಸ್ತರು ಇರಲಿಲ್ಲ. ಒಂದು, ಎರಡನೆಯವರಿಗೆ ಟಿ.ವಿ. ಹಚ್ಚಿ, ನಾನು ಪಡಸಾಲೆಯಲ್ಲಿ ದೊಡ್ಡ ತರಗತಿಯವರಿಗೆ ಭಾಗಾಕಾರ ಹೇಳುತ್ತಿದ್ದೆ. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ಇಲ್ಲಿಯ ಮಕ್ಕಳು ಊಟ ತಯಾರಾಯಿತೆಂದು ಅಡುಗೆ ಕೋಣೆಯ ಕಡೆ ಕತ್ತು ತಿರುಗಿಸಿದ್ದು ಕಿಟಕಿಯಿಂದ ಕಂಡಿತು. ಆಮೇಲೆ ಆ ಮಾತು ಬಂತು: ‘ತಿಳೀಲಾರದವರು ಎದ್ದು ನನ್ನ ಹತ್ರ ಬರ್ರಿ.’

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಸಣ್ಣವನು. ಕುಳಿತವರ ನಡುವೆ ದಾರಿ ಮಾಡಿಕೊಂಡು, ಪಾಟಿ ಹಿಡಿದು, ಟಿ.ವಿ.ಯ ಹತ್ತಿರ ಹೋಗಿ ನಿಂತ. ಕತ್ತೆತ್ತಿ ದೊಡ್ಡಕ್ಕೋರ ಮುಖ ನೋಡಿದ. ತಾನು ಬರೆದದ್ದು ಅವರಿಗೆ ಕಾಣುವ ಹಾಗೆ ಪಾಟಿಯನ್ನು ತಿರುಗಿಸಿ ಹಿಡಿದ. ಅವರು ಅವನ ತಲೆಯ ಮೇಲಿಂದ ಎಲ್ಲೋ ನೋಡುತ್ತಿದ್ದರು, ಉಪ್ಪಿನ ಡಬ್ಬಿಯ ಕಡೆ, ಅಂದು ಅದರ ಹಿಂದಿದ್ದ ನನ್ನ ಕಡೆ. ಉತ್ತರಕ್ಕೆ ಬಿಟ್ಟ ಹೊತ್ತು ಮುಗಿಯಿತು. ‘ಈಗ ಮುಂದಿಂದು ನೋಡೂಣು’ ಅಂದರು.

ಅವನು ನಿಂತೇ ಇದ್ದ.

ಒಳಗೆ ಹೋಗಿ ಟಿ.ವಿ. ಆರಿಸಿದೆ. ನೆಲಕ್ಕೆ ಕೂತು ಅವನ ಕೈ ಹಿಡಿದು ಒಂದು ಅಕ್ಷರ ತಿದ್ದಿಸಿದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಗದ್ದಲ ಎದ್ದಿತು, ಯಾರೋ ಯಾರನ್ನೋ ದೂಡಿದರು, ಯಾರೋ ಅತ್ತರು. ಒಳಗಿನವರು ಆರಿದ ಟಿ.ವಿ. ನೋಡುತ್ತ ಸೀನತೊಡಗಿದರು. ‘ಇರಪಾ, ಬಂದೆ’ ಅಂದೆ ಹುಡುಗನಿಗೆ. ಅವನನ್ನು ಹಿಂದಿನ ಸಾಲಿಗೆ ಕೂಡಿಸಿದೆ.

ಆಮೇಲೆ ಟಿ.ವಿ. ಮತ್ತೆ ಹಚ್ಚಿದೆ.