ಭಂಡಾರ ಮುಟ್ಟಿಸಿ ಫೋನ್ ಬಿಡಿಸಿದ್ದು

ಹಡಗಲಿಯಲ್ಲಿ ನಾನು ಆಪ್ತಸಮಾಲೋಚಕನಾಗಿ ಕೂರುವ ಕೋಣೆಯ ಮೇಜಿನ ಖಾನೆಯಲ್ಲಿ ಮೈಲಾರದ ಗುಡಿಯ ಭಂಡಾರದ ಪೊಟ್ಟಣವೊಂದು ಇರುತ್ತಿತ್ತು. ಕುಡಿತ ಬಿಡಲು ಬಂದವರ ಹತ್ತಿರ ಮಾತೆಲ್ಲ ಮುಗಿಸಿ, ಆ ಅರಿಶಿನ ಪುಡಿ ಮುಟ್ಟಿಸಿ ಆಣೆ ಮಾಡಿಸುತ್ತಿದ್ದೆ. ಎಲ್ಲರೂ ಬಿಟ್ಟರೆನ್ನಲಾರೆ, ನಾನು ಬೀಗುವಷ್ಟು ಜನ ಬಿಟ್ಟಿದ್ದರು.

ಹೀಗಿರುವಾಗ ಹಿರೇಹಡಗಲಿಯ ಅತ್ತೆಯೊಬ್ಬಳು ಟೈಲರ್ ಕೆಲಸದ ಸೊಸೆಯನ್ನು ಕರೆತಂದಳು. ಸೊಸೆಗೆ ರೀಲ್ಸಿನ ಚಟ. ಮದುಮಗಳೊಬ್ಬಳ ರವಿಕೆಗಳು ಹೊಲಿಯದೆ ಬಿದ್ದಿದ್ದವು. ಈ ಸಲವೂ ತಡವಾದರೆ ಊರವರು ಬೇರೆ ಟೈಲರನ್ನು ನೋಡಿಕೊಳ್ಳುವುದು ಖಂಡಿತ.

"ಬಿಡಬೇಕಂತ ನನಗೂ ಐತ್ರಿ ಸರ. ಕೈ ಕೇಳಂಗಿಲ್ಲ" ಎಂದಳು ಸೊಸೆ.

ಇಂಥ ಚಟಗಳ ಬಗ್ಗೆ ನಾನು ತರಬೇತಿಗೂ ಹೋಗಿ ಬಂದಿದ್ದೆ. ಮೊಬೈಲನ್ನು ಸಾರಾಯಿಯಂತೆ ಪೂರಾ ಬಿಡಿಸಲು ಹೋಗಬೇಡಿ ಎಂದು ಅಲ್ಲಿ ಹೇಳಿದ್ದನ್ನು ಅಂದವಾಗಿ ಬರೆದುಕೊಂಡೂ ಇದ್ದೆ. ಆದರೆ ನನ್ನ ಕೈಯೂ ಕೇಳಬೇಕಲ್ಲ! ಖಾನೆ ಎಳೆದೆ, ಫೋನ್ ಮುಟ್ಟುವುದಿಲ್ಲವೆಂದು ಆಣೆ ಮಾಡಿಸಿ ಕಳಿಸಿದೆ.

ವಾರದೊಳಗೆ ಇಬ್ಬರೂ ಮತ್ತೆ ಹಾಜರು. ಫೋನು ಅತ್ತೆಯ ಸೆರಗಿನ ಗಂಟಿನಲ್ಲಿತ್ತು.

"ಪೂರಾ ಬಿಟ್ಟಾಳ್ರಿ. ಈಗ ಪೀಡಾ ನನಗ ಗಂಟುಬಿದ್ದೈತಿ" ಎಂದಳು ಅತ್ತೆ.

ಮದುಮಗಳು ರವಿಕೆಯ ಡಿಸೈನನ್ನು ಫೋನಿಗೇ ಕಳಿಸಿದ್ದಳು. ಸೊಸೆ ಮುಟ್ಟಳು, ಅತ್ತೆಗೆ ತೆರೆಯಲು ಬಾರದು. ಮದುವೆಗೆ ಉಳಿದದ್ದು ನಾಲ್ಕೇ ದಿನ.

"ಆಣಿ ಮುರೀಲೇನ್ರಿ?" ಸೊಸೆ ಅಳುವಂತಾಗಿದ್ದಳು.

"ಮುರಿದು ನೋಡು, ಮೈಲಾರಪ್ಪ ಸುಮ್ನ ಬಿಡ್ತಾನೇನು?" ಎಂದು ಗದರಿದ ಅತ್ತೆ ನನ್ನ ಕಡೆ ತಿರುಗಿದಳು. "ಹಾಕ್ಸಿದೋರು ನೀವು, ಬಿಡಸ್ರಿ ಮತ್ತ."

ಮೊದಲ ದಿನವೇ ಕೇಳಬೇಕಾದದ್ದನ್ನು ಆಗ ಕೇಳಿದೆ: ಕೈ ಯಾವಾಗ ಫೋನಿಗೆ ಹೋಗುತ್ತದೆ?

"ದಾರ ಕಡಿದಾಗ್ರಿ. ಪೋಣಿಸಾಕ ಬ್ಯಾಸರ. ಫೋನು ಮಡಿಲಾಗ ಇರ್ತೈತಿ, ಒಂದು ನೋಡಾಣ ಅಂತ ತಗೋತೀನಿ."

ಅಂದರೆ ತೊಂದರೆ ಫೋನಿನದಲ್ಲ, ಮಡಿಲಿನದು. ಬಾಗಿಲ ಪಕ್ಕದ ಮೊಳೆಗೆ ಚೀಲ ಕಟ್ಟಿ ಅದರಲ್ಲಿಡು, ಬೇಕಾದಾಗ ನಿಂತೇ ನೋಡು ಎಂದೆ.

"ಕಾಲು ನೋಯ್ತಾವಲ್ರಿ ಸರ!"

"ನೋಯ್ಲಿ ಬಿಡವಾ" ಎಂದಳು ಅತ್ತೆ.

ನಾನು ಅರ್ಧ ದಿನ ರಜೆ ಹಾಕಿದೆ, ಆಣೆ ಬಿಡಿಸಿಕೊಳ್ಳಲು ಮೂವರೂ ಮೈಲಾರದ ಬಸ್ ಹತ್ತಿದೆವು. ಗುಡಿಯಲ್ಲಿ ಭಂಡಾರ ಅರ್ಪಿಸಿ, ತಪ್ಪು ನನ್ನದು ಎಂದು ಕೈಮುಗಿದೆ. ಅತ್ತೆ ಸೆರಗಿನ ಗಂಟು ಬಿಚ್ಚಿದಳು. ಸೊಸೆ ಅಲ್ಲೇ ಕಟ್ಟೆಯ ಮೇಲೆ ಡಿಸೈನು ನೋಡಿದಳು, ನಿಂತುಕೊಂಡೇ.

ಮದುವೆಯ ಹಿಂದಿನ ದಿನ ಅತ್ತೆ ಫೋನ್ ಮಾಡಿಸಿದಳು. "ರವಿಕಿ ಕೊಟ್ವಿರಿ. ಆದ್ರ ಇಕಿ ನಿಂತು ನಿಂತು ಎರಡು ರೀಲ್ಸ್ ನೋಡ್ಯಾಳ, ಬರ್ಕೋರಿ."

ನನ್ನ ವಹಿಯಲ್ಲಿ 'ಬಿಟ್ಟರು', 'ಬಿಟ್ಟಿಲ್ಲ' ಎಂಬ ಎರಡೇ ಕಾಲಂ ಇದ್ದವು. ಅಳತೆಪಟ್ಟಿ ಇಟ್ಟು ಅವಳಿಗಾಗಿ ಮೂರನೆಯದನ್ನು ಎಳೆದೆ.